ಸೊಲ್ಲಾಪುರದ ಸಾಹಸಿಯೂ ಪದ್ಮಿನಿ ಮೋಟಾರೂ

ಚರಿತ್ರೆಯೆಂದರೆ ಅರಸರ ವಂಶಾವಳಿಯೂ ಯುದ್ಧಗಳ ಪಟ್ಟಿಯೂ ಮಾತ್ರವೆಂದು ತಿಳಿಯುವ ಕಾಲವು ಕಳೆದುಹೋಗಿದೆ. ಜನರು ಉಟ್ಟ ಬಟ್ಟೆಗೂ, ಹೂಡಿದ ನೇಗಿಲಿಗೂ, ಏರಿದ ಬಂಡಿಗೂ ಚರಿತ್ರೆಯುಂಟು. ಸುಮಾರು ಅರ್ಧ ಶತಮಾನದ ಕಾಲ ನಮ್ಮ ಬೀದಿಗಳಲ್ಲಿ ಓಡಾಡಿ ಈಗ ಅಪರೂಪವಾಗಿರುವ ಒಂದು ಮೋಟಾರು ಬಂಡಿಯ ಕಥೆಯನ್ನು ಈ ಸ್ಮರಣ ಸಂಚಿಕೆಯ ವಾಚಕರ ಮುಂದಿಡಲು ಬಯಸುತ್ತೇವೆ. ಅದು ಪ್ರೀಮಿಯರ್ ಕಂಪನಿಯ ಕಾರು. ಮೊದಲು ‘ಫಿಯಾಟ್’ ಎಂದೂ ಬಳಿಕ ‘ಪದ್ಮಿನಿ’ ಎಂದೂ ಮನೆಮಾತಾಗಿದ್ದ ಕಾರು. ಗಡಿನಾಡ ಕನ್ನಡಿಗರ ಸಂಚಿಕೆಯಲ್ಲಿ ಮುಂಬಯಿಯ ಕಾರಿಗೆ ಎಡೆಯೇಕೆಂದು ಕೆಲವರು ಕೇಳಬಹುದು. ಆ ಕಾರಖಾನೆಯನ್ನು ಕಟ್ಟಿದವರು ನಮ್ಮ ಸೊಲ್ಲಾಪುರದಲ್ಲಿ ಹುಟ್ಟಿದವರು. ಅದಕ್ಕೆ ಮೂಲವಾದ ಯೋಜನೆಯನ್ನು ಬರೆದವರು ಕನ್ನಡನಾಡಿನ ಮಹಾ ಇಂಜಿನಿಯರರು. ಇದೇ ನಮ್ಮ ಉತ್ತರ.

ಸಿದ್ಧರಾಮೇಶ್ವರರ ಸೊನ್ನಲಿಗೆಯು ಕನ್ನಡ, ಮರಾಠಿ, ತೆಲುಗು, ಉರ್ದು, ಗುಜರಾತಿಗಳು ಒಂದೇ ಪೇಟೆಯಲ್ಲಿ ಕೇಳಿಬರುವ ಊರು. ಇಲ್ಲಿ ನೆಲೆಸಿದ್ದ ಗುಜರಾತಿ ದಿಗಂಬರ ಜೈನ ಮನೆತನವೊಂದರಲ್ಲಿ 1882ನೆಯ ಇಸವಿ ನವೆಂಬರ್ 23ರಂದು ವಾಲಚಂದ ಹಿರಾಚಂದ ದೋಶಿಯವರು ಜನಿಸಿದರು. ಮನೆತನದ ವ್ಯಾಪಾರವು ಅವರ ಮನಸ್ಸಿಗೆ ಹಿಡಿಸಲಿಲ್ಲ. ಬಾರ್ಸಿ ಲೈಟ್ ರೈಲ್ವೆಯ ಗುತ್ತಿಗೆಯಿಂದ ಸ್ವಂತ ಉದ್ಯೋಗವನ್ನು ಆರಂಭಿಸಿ, ಮುಂದೆ ಭೋರಘಾಟದ ರೈಲು ಸುರಂಗಗಳಂತಹ ದೊಡ್ಡ ಕೆಲಸಗಳಿಗೆ ಕೈಯಿಕ್ಕಿದರು. 1919ರಲ್ಲಿ ಸಿಂಧಿಯಾ ಹಡಗು ಕಂಪನಿಯ ಸ್ಥಾಪನೆಯಲ್ಲಿ ಭಾಗಿಗಳಾಗಿ, ಆಂಗ್ಲ ಹಡಗುಗಳ ಪ್ರಾಬಲ್ಯಕ್ಕೆ ಎದುರು ನಿಂತರು. ಪರರು ತಮ್ಮ ಸ್ವತ್ತೆಂದು ಭಾವಿಸಿದ್ದ ಉದ್ಯಮಗಳಲ್ಲಿಯೇ ಕಾಲಿಡಬೇಕೆಂಬ ಹಟವು ಅವರ ಬಾಳಿನುದ್ದಕ್ಕೂ ಕಂಡುಬರುತ್ತದೆ.

ಇದೇ ಹಟವು ಮೋಟಾರಿನ ವಿಷಯದಲ್ಲಿ ಅವರನ್ನು ಸರ್ ಎಂ. ವಿಶ್ವೇಶ್ವರಯ್ಯನವರ ಬಳಿಗೆ ತಂದಿತು. ಮೈಸೂರಿನ ದಿವಾನಗಿರಿಯನ್ನು ಬಿಟ್ಟು ಹಲವು ವರುಷಗಳಾಗಿದ್ದರೂ ವಿಶ್ವೇಶ್ವರಯ್ಯನವರಿಗೆ ವಿಶ್ರಾಂತಿಯೆಂಬುದು ತಿಳಿದಿರಲಿಲ್ಲ. ದೇಶದಲ್ಲಿ ಓಡುವ ಒಂದೊಂದು ಮೋಟಾರೂ ಪರದೇಶದಿಂದ ಬರಬೇಕೇಕೆ ಎಂಬುದು ಅವರ ಪ್ರಶ್ನೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪ್ ಅಮೇರಿಕಾಗಳಿಗೆ ಹೋಗಿ ಮೋಟಾರು ಕಾರಖಾನೆಗಳನ್ನು ಕಣ್ಣಾರೆ ಕಂಡು, ಭಾರತದಲ್ಲಿ ಅಂತಹದೊಂದನ್ನು ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಆ ಯೋಜನೆಯನ್ನು ಕಾರ್ಯಕ್ಕಿಳಿಸುವ ಭಾರವನ್ನು ವಾಲಚಂದರು ಹೊತ್ತರು. ಅಮೇರಿಕೆಯ ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆಯಾಯಿತು. ಮೈಸೂರು ಸಂಸ್ಥಾನವೂ ಕೈಜೋಡಿಸಲು ಸಿದ್ಧವಾಯಿತು. ಬೆಂಗಳೂರಿನಲ್ಲಿ ಕಾರಖಾನೆಯಾಗುವ ಆಸೆಯೂ ಮೂಡಿತು. ಆದರೆ ಅಂದಿನ ಭಾರತ ಸರಕಾರವು ಯುದ್ಧದ ನೆವವನ್ನು ಹೇಳಿ ಬೆಂಬಲ ಕೊಡಲಿಲ್ಲ. ಮೈಸೂರು ಭಾಗವಹಿಸುವುದಕ್ಕೂ ಅಡ್ಡಿಯಾಯಿತು.

ಇಲ್ಲಿ ಒಂದು ವಿಪರ್ಯಾಸವನ್ನು ಗಮನಿಸಬೇಕು. ಇದೇ ವಾಲಚಂದರು 1940ರ ಡಿಸೆಂಬರಿನಲ್ಲಿ, ಇದೇ ಮೈಸೂರು ಸಂಸ್ಥಾನದ ನೆರವಿನಿಂದ, ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರಖಾನೆಯನ್ನು ಆರಂಭಿಸಿದ್ದರು. ಆಕಾಶದಲ್ಲಿ ಹಾರುವ ಯಂತ್ರಕ್ಕೆ ಅನುಮತಿ ದೊರೆತ ಊರಿನಲ್ಲಿ ನೆಲದ ಮೇಲೆ ಓಡುವ ಯಂತ್ರಕ್ಕೆ ದೊರೆಯಲಿಲ್ಲ. ವಿಮಾನವು ಆಳುವವರ ಯುದ್ಧಕ್ಕೆ ಬೇಕಾಗಿತ್ತು, ಕಾರು ಆಳಿಸಿಕೊಳ್ಳುವವರಿಗೆ ಬೇಕಾಗಿತ್ತು ಎಂದಲ್ಲದೆ ಇದಕ್ಕೆ ಬೇರೆ ಅರ್ಥವು ನಮಗೆ ತೋರುವುದಿಲ್ಲ.

ಕಡೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಕಂಪನಿಯು ಮುಂಬಯಿಯಲ್ಲಿ ಸ್ಥಾಪಿತವಾಯಿತು. ಕುರ್ಲಾದ ಕಾರಖಾನೆಯಿಂದ 1947ರಲ್ಲಿ, ಸ್ವಾತಂತ್ರ್ಯವು ಬಂದ ವರುಷದಲ್ಲಿಯೇ, ಮೊದಲ ವಾಹನಗಳು ಹೊರಬಿದ್ದವು. ಅವು ಕ್ರೈಸ್ಲರ್ ಕಂಪನಿಯ ಡಾಜ್, ಡಿಸೋಟೊ, ಪ್ಲಿಮತ್ ಹೆಸರಿನವು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಆದರೆ ಅಮೇರಿಕೆಯ ದೊಡ್ಡ ಕಾರು ನಮ್ಮ ಮಧ್ಯಮ ವರ್ಗದವರ ಹೊರೆಗೆ ಮೀರಿದ್ದು. ಆದ್ದರಿಂದ ಕಂಪನಿಯು ಇಟಲಿಯ ಫಿಯಾಟ್ ಸಂಸ್ಥೆಯ ಕಡೆಗೆ ತಿರುಗಿತು. 1951ರಲ್ಲಿ ಪುಟ್ಟ ಫಿಯಾಟ್ 500 ಬಂದಿತು. 1953ರಲ್ಲಿ ಸುಂಕ ಆಯೋಗದ ವರದಿಯನ್ನು ಅನುಸರಿಸಿ, ಇಲ್ಲಿಯೇ ತಯಾರಿಸುವ ಕಾರ್ಯಕ್ರಮವುಳ್ಳ ಕಂಪನಿಗಳಿಗೆ ಮಾತ್ರ ಅವಕಾಶವೆಂದು ಸ್ವತಂತ್ರ ಭಾರತದ ಸರಕಾರವು ನಿರ್ಧರಿಸಿತು. ಬರಿಯ ಜೋಡಣೆಯನ್ನು ನಡೆಸುತ್ತಿದ್ದ ಫೋರ್ಡ್, ಜನರಲ್ ಮೋಟಾರ್ಸ್ ಕಂಪನಿಗಳು ಗಂಟುಮೂಟೆ ಕಟ್ಟಿದವು. ಪ್ರೀಮಿಯರ್ ಉಳಿಯಿತು, 1954ರಲ್ಲಿ ಫಿಯಾಟ್ 1100 ಕಾರನ್ನು ಹೊರತಂದಿತು. ವಾಲಚಂದರು ಅದನ್ನು ಕಾಣಲಿಲ್ಲ. 1953ರ ಏಪ್ರಿಲಿನಲ್ಲಿಯೇ ಅವರು ತೀರಿಕೊಂಡಿದ್ದರು. ಯೋಜನೆಯ ಜನಕರಾದ ವಿಶ್ವೇಶ್ವರಯ್ಯನವರು 1962ರವರೆಗೆ ಬಾಳಿದ್ದರು.

ದುಂಡು ಮೈಯ ಆ ಮೊದಲ ಫಿಯಾಟಿಗೆ ಮರಾಠಿ ಜನರು ಇಟ್ಟ ಹೆಸರು ‘ಡುಕ್ಕರ ಫಿಯಾಟ್’, ಅಂದರೆ ಹಂದಿ ಫಿಯಾಟ್. ಇದು ಬೈಗುಳಲ್ಲ, ಸಲುಗೆಯ ಮಾತು. 1964ರಲ್ಲಿ ಅದರ ಸ್ಥಾನಕ್ಕೆ ಮೂಲೆಗಳು ಕೊಂಚ ಚಚ್ಚೌಕವಾದ 1100-ಡಿ ಎಂಬ ಮಾದರಿ ಬಂದಿತು. ನಮ್ಮಲ್ಲಿ ಹೆಚ್ಚಿನವರ ನೆನಪಿನಲ್ಲಿರುವುದು ಇದೇ ರೂಪ. ಫಿಯಾಟ್ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದವು 1970ರ ದಶಕದ ಆರಂಭದಲ್ಲಿ ಮುಗಿದಾಗ ಆ ಹೆಸರನ್ನು ಬಿಡಬೇಕಾಯಿತು. ಕೆಲಕಾಲ ‘ಪ್ರೆಸಿಡೆಂಟ್’ ಎಂದು ಕರೆದು, 1974ರಿಂದ ‘ಪದ್ಮಿನಿ’ ಎಂದರು. ಚಿತ್ತೂರಿನ ರಾಣಿಯ ಹೆಸರು ಅದು. ಶಬ್ದವನ್ನು ಬಿಡಿಸಿ ನೋಡುವುದು ಪಂಡಿತರ ಚಾಳಿ, ವಾಚಕರು ಮನ್ನಿಸಬೇಕು. ಪದ್ಮಿನಿಯೆಂದರೆ ತಾವರೆಬಳ್ಳಿ, ತಾವರೆಗೊಳ. ನಾಲ್ಕು ಜಾತಿಯ ನಾಯಿಕೆಯರಲ್ಲಿ ಮೊದಲನೆಯವಳೂ ಪದ್ಮಿನಿಯೇ. ಹಂದಿಯೆಂದು ಬಾಳನ್ನು ಆರಂಭಿಸಿದ ಮನೆತನವೊಂದು ಇಪ್ಪತ್ತು ವರುಷಗಳಲ್ಲಿ ಪದ್ಮಿನಿಯ ಪದವಿಗೇರಿತು. ಎರಡಕ್ಕೂ ಕೆಸರೇ ನೆಲೆಯಾದುದರಿಂದ ನಮ್ಮ ಮಳೆಗಾಲದ ರಸ್ತೆಗಳಿಗೆ ಎರಡು ಹೆಸರುಗಳೂ ಒಪ್ಪುತ್ತಿದ್ದವು.

ಈ ಕಾರಿನ ಒಡೆಯರಾಗುವುದು ಸುಲಭದ ಮಾತಾಗಿರಲಿಲ್ಲ. ತಯಾರಾಗುವ ಸಂಖ್ಯೆ ಕಡಿಮೆ, ಬೇಡಿಕೆ ಅಧಿಕ. ಹಣವನ್ನು ಕಟ್ಟಿ ಹೆಸರನ್ನು ನೋಂದಾಯಿಸಿ ಹಲವು ವರುಷ ಕಾಯಬೇಕಾಗಿದ್ದಿತು. ಮಗಳು ಶಾಲೆಗೆ ಹೋಗುವಾಗ ಬರೆಸಿದ ಕಾರು ಅವಳ ಮದುವೆಯ ಹೊತ್ತಿಗೆ ಬಂದೀತೆಂದು ಹಿರಿಯರು ನಗೆಯಾಡುತ್ತಿದ್ದರು. ಬಳಸಿದ ಕಾರು ಹೊಸ ಕಾರಿಗಿಂತ ಹೆಚ್ಚಿನ ಬೆಲೆಗೆ ಹೋಗುತ್ತಿದ್ದ ವಿಚಿತ್ರವನ್ನೂ ಆ ಕಾಲವು ಕಂಡಿತು. 1969ರಲ್ಲಿ ಸರಕಾರವು ಆಜ್ಞೆ ಹೊರಡಿಸಿ ಕಾರಿನ ಬೆಲೆಯನ್ನು ಗೊತ್ತುಪಡಿಸಿತು, ಕಂಪನಿಯು ಸುಪ್ರೀಂ ಕೋರ್ಟಿನವರೆಗೆ ಹೋಯಿತು, 1971ರಲ್ಲಿ ತೀರ್ಪಾಯಿತು.

ಒಡೆಯರ ಪೈಕಿ ಎಲ್ಲರೂ ಬಲ್ಲ ಒಬ್ಬರನ್ನು ಇಲ್ಲಿ ಸ್ಮರಿಸಬೇಕು. ಲಾಲಬಹಾದೂರ ಶಾಸ್ತ್ರಿಯವರು ಪ್ರಧಾನಮಂತ್ರಿಗಳಾದ ಮೇಲೆ ಮನೆಯವರ ಅಪೇಕ್ಷೆಯಂತೆ ಒಂದು ಫಿಯಾಟ್ ಕಾರನ್ನು ಕೊಂಡರು. ಬೆಲೆ 12,000 ರೂಪಾಯಿ, ಅವರಲ್ಲಿದ್ದುದು 7,000. ಉಳಿದ 5,000 ರೂಪಾಯಿಗಳನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲವಾಗಿ ಪಡೆದರು. 1966ರ ಜನವರಿಯಲ್ಲಿ ಅವರು ತಾಷ್ಕೆಂಟಿನಲ್ಲಿ ನಿಧನರಾದಾಗ ಸಾಲವು ತೀರಿರಲಿಲ್ಲ. ಅವರ ಪತ್ನಿ ಲಲಿತಾದೇವಿಯವರು ತಮ್ಮ ನಿವೃತ್ತಿವೇತನದಿಂದ ಅದನ್ನು ತೀರಿಸಿದರು. ಆ ಕಾರು ದಿಲ್ಲಿಯ ಶಾಸ್ತ್ರಿ ಸ್ಮಾರಕದಲ್ಲಿ ಉಳಿದುಬಂದಿದೆ. ದೇಶದ ಪ್ರಧಾನಿಗೂ ಸಾಲದಿಂದಲೇ ದೊರೆತ ವಸ್ತುವು ಸಾಮಾನ್ಯ ಗೃಹಸ್ಥನಿಗೆ ಎಷ್ಟು ದೊಡ್ಡ ಮಾತಾಗಿದ್ದಿರಬಹುದೆಂದು ವಾಚಕರೇ ಊಹಿಸಬಹುದು.

ಹೀಗೆ ದೊರೆತುದನ್ನು ಜನರು ಮನೆಯ ಮಗುವಿನಂತೆ ಸಾಕಿದರು. ನಮ್ಮ ಬಾಲ್ಯದಲ್ಲಿ ಸೊಲ್ಲಾಪುರದ ವೈದ್ಯರು, ವಕೀಲರು, ನೂಲಿನ ವ್ಯಾಪಾರಸ್ಥರು ಮೊದಲಾದವರ ಅಂಗಳಗಳಲ್ಲಿ ಈ ಕಾರುಗಳು ನಿಂತಿರುತ್ತಿದ್ದವು. ಎಂಜಿನು 1089 ಸಿ.ಸಿ.ಯದು, ಹಿಂದಿನ ಗಾಲಿಗಳೇ ಬಂಡಿಯನ್ನು ನೂಕುತ್ತಿದ್ದವು. ಗೇರಿನ ಹಿಡಿಯು ನೆಲದಲ್ಲಿರದೆ ಸ್ಟಿಯರಿಂಗಿನ ಬದಿಯಲ್ಲಿದ್ದುದರಿಂದ ಮುಂದಿನ ಸೀಟಿನಲ್ಲಿಯೂ ಮೂವರು ಕೂಡಬಹುದಾಗಿತ್ತು. ತುಳಜಾಪುರಕ್ಕೋ ಪಂಢರಪುರಕ್ಕೋ ಗಾಣಗಾಪುರಕ್ಕೋ ಹೊರಟರೆ ಅಜ್ಜಿಯಿಂದ ಮೊದಲ್ಗೊಂಡು ಮೊಮ್ಮಕ್ಕಳವರೆಗೆ ಎಲ್ಲರೂ ಅದರಲ್ಲಿ ಹಿಡಿಸುತ್ತಿದ್ದರು. ಬುತ್ತಿಯ ಗಂಟು ಡಿಕ್ಕಿಯಲ್ಲಿ.

ನಮ್ಮ ಬೇಸಿಗೆಯು ಅದಕ್ಕೆ ಪರೀಕ್ಷೆಯ ಕಾಲ. ಮಧ್ಯಾಹ್ನದ ಬಿಸಿಲಿಗೆ ನಳಿಗೆಯಲ್ಲಿನ ಪೆಟ್ರೋಲು ಆವಿಯಾಗಿ ಎಂಜಿನು ನಿಂತುಬಿಡುತ್ತಿತ್ತು. ಆಗ ಬಾನೆಟ್ಟನ್ನು ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆಯನ್ನು ಹೊದಿಸಿ, ಬೇವಿನ ಮರದ ನೆರಳಿನಲ್ಲಿ ಕಾಯಬೇಕು. ಘಾಟವನ್ನು ಏರುವಾಗ ರೇಡಿಯೇಟರಿನ ನೀರು ಕುದಿಯುತ್ತಿತ್ತು. ಆದ್ದರಿಂದ ನೀರಿನ ಡಬ್ಬಿಯಿಲ್ಲದೆ ಯಾರೂ ಊರು ಬಿಡುತ್ತಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ಚೋಕನ್ನು ಎಳೆದು ನೋಡುವುದು. ಆಗಲೂ ಮಣಿಯದಿದ್ದರೆ ಓಣಿಯ ಹುಡುಗರೆಲ್ಲ ಕೂಡಿ ನೂಕುವುದು. ಆದರೆ ಅದಕ್ಕೆ ಬಂದ ಯಾವ ರೋಗಕ್ಕೂ ಊರಿನಲ್ಲಿಯೇ ಮದ್ದಿದ್ದಿತು. ಪ್ಲಗ್ಗನ್ನು ಉಜ್ಜುವುದನ್ನೂ ಕಾರ್ಬೊರೇಟರನ್ನು ತೊಳೆಯುವುದನ್ನೂ ಒಡೆಯನೇ ಕಲಿತಿರುತ್ತಿದ್ದನು. ಉಳಿದುದನ್ನು ಗ್ಯಾರೇಜಿನ ಮಿಸ್ತ್ರಿ ಕಿವಿಗೊಟ್ಟು ಕೇಳಿಯೇ ಹೇಳುತ್ತಿದ್ದನು. ಅಕ್ಷರ ಬಾರದ ಎಷ್ಟೋ ಹುಡುಗರು ಈ ಎಂಜಿನಿನ ಮೇಲೆಯೇ ವಿದ್ಯೆಯನ್ನು ಕಲಿತು ಬದುಕನ್ನು ಕಟ್ಟಿಕೊಂಡರು. ವಿಶ್ವೇಶ್ವರಯ್ಯನವರು ಬಯಸಿದ್ದ ಯಂತ್ರಜ್ಞಾನದ ಪ್ರಸಾರವು ಕಾರಖಾನೆಯ ಗೋಡೆಯೊಳಗಿಗಿಂತ ಹೆಚ್ಚಾಗಿ ಇಂತಹ ತಗಡಿನ ಚಪ್ಪರಗಳಲ್ಲಿ ನಡೆಯಿತೆಂದು ಹೇಳಿದರೆ ತಪ್ಪಾಗಲಾರದು.

ಇಷ್ಟಾದರೂ ಪದ್ಮಿನಿಯು ಅಳಿದುದೇಕೆ? ಯಾವ ಗೋಡೆಯು ಅದನ್ನು ಕಾಯಿತೋ ಅದೇ ಗೋಡೆಯು ಅದನ್ನು ಮಲಗಿಸಿತು ಎಂಬುದು ನಮ್ಮ ಅಭಿಪ್ರಾಯ. ಇಟಲಿಯಲ್ಲಿ 1100ರ ತಯಾರಿಕೆಯು 1969ರಲ್ಲಿಯೇ ನಿಂತಿತು. ಇಲ್ಲಿ ಅದೇ ಮೂಲರೂಪವು ಮತ್ತೆ ಮೂರು ದಶಕಗಳ ಕಾಲ ನಡೆಯಿತು. ಗಿರಾಕಿಯು ವರುಷಗಟ್ಟಲೆ ಕಾಯಲು ಸಿದ್ಧನಿದ್ದಾಗ ಮಾಲನ್ನು ತಿದ್ದುವ ಅವಸರವು ಯಾರಿಗೆ? ಹಾಗೆಂದು ಕಂಪನಿಯೊಂದನ್ನೇ ದೂರುವುದು ನ್ಯಾಯವಲ್ಲ. ಕಾರು ಶ್ರೀಮಂತರ ಭೋಗವಸ್ತುವೆಂದು ಸರಕಾರವು ತಯಾರಿಕೆಗೆ ಮಿತಿಯನ್ನು ಹಾಕಿತು, ಬೆಲೆಯನ್ನು ಕಟ್ಟಿಹಾಕಿತು, ಹೊಸ ಯಂತ್ರಗಳ ಆಮದಿಗೆ ಪರವಾನಗಿಯ ಬೇಲಿಯನ್ನು ಹಾಕಿತು. ಕೈಕಾಲುಗಳನ್ನು ಬಿಗಿದವನು ಓಡಲಿಲ್ಲವೆಂದು ಬೈದರೆ ಪ್ರಯೋಜನವಿಲ್ಲ. ಬಿಗಿದ ಹಗ್ಗಕ್ಕೇ ಒಗ್ಗಿಹೋದುದು ಮಾತ್ರ ಅವನ ತಪ್ಪು.

1983ರ ಡಿಸೆಂಬರಿನಲ್ಲಿ ಜಪಾನಿನ ಸುಜುಕಿಯ ಸಹಯೋಗದಿಂದ ಮಾರುತಿ 800 ಬಂದಿತು. ಹಗುರವಾದ, ನೂಕಿಸಿಕೊಳ್ಳದ, ಕೀಲಿಯನ್ನು ತಿರುಗಿಸಿದೊಡನೆ ಹೊರಡುವ ಆ ಕಾರನ್ನು ಕಂಡಮೇಲೆ ಪದ್ಮಿನಿಗಾಗಿ ಕಾಯುವವರ ಸಾಲು ಕರಗತೊಡಗಿತು. ಪ್ರೀಮಿಯರ್ ಕಂಪನಿಯು ಸುಮ್ಮನಿರಲಿಲ್ಲ. 1980ರ ದಶಕದ ನಡುವೆ ನಿಸ್ಸಾನ್ ಎಂಜಿನಿನ 118 ಎನ್.ಇ. ಎಂಬ ಕಾರನ್ನು ತಂದಿತು. 1990ರ ದಶಕದಲ್ಲಿ ಫ್ರಾನ್ಸಿನ ಪೆಜೋ ಸಂಸ್ಥೆಯೊಡನೆ ಕೂಡಿ ಕಲ್ಯಾಣದ ಕಾರಖಾನೆಯಲ್ಲಿ ಹೊಸ ಕಾರನ್ನು ಮಾಡಿತು. ಕಾರ್ಮಿಕರ ಅಸಮಾಧಾನವೂ ಹಣದ ಮುಗ್ಗಟ್ಟೂ ಸೇರಿ 1997ರ ವೇಳೆಗೆ ಪೆಜೋ ಹಿಂದಿರುಗಿತು. ಕುರ್ಲಾದ ಕಾರಖಾನೆಯು ಫಿಯಾಟ್ ಸಂಸ್ಥೆಯ ಕೈಸೇರಿತು. ಶತಮಾನದ ತಿರುವಿನಲ್ಲಿ ಪದ್ಮಿನಿಯ ತಯಾರಿಕೆಯು ನಿಂತಿತು.

ಗೃಹಸ್ಥರ ಅಂಗಳವನ್ನು ಬಿಟ್ಟ ಮೇಲೂ ಪದ್ಮಿನಿಯು ಮುಂಬಯಿಯ ಟ್ಯಾಕ್ಸಿಯಾಗಿ ಬಹುಕಾಲ ಬಾಳಿತು. ಗಡಿನಾಡಿನಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋದ ನಮ್ಮ ಜನರು ರೈಲಿನಿಂದ ಇಳಿದೊಡನೆ ಮೊದಲು ಕಾಣುತ್ತಿದ್ದುದು ಕಪ್ಪು ಹಳದಿ ಬಣ್ಣದ ಆ ಸಾಲನ್ನೇ. ಮುಂಬಯಿಯ ಕಡೆಯ ಪದ್ಮಿನಿ ಟ್ಯಾಕ್ಸಿಯು ನೋಂದಣಿಯಾದುದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗಳಿಗೆ ಇಪ್ಪತ್ತು ವರುಷಗಳ ಆಯುಸ್ಸೆಂಬ ನಿಯಮವಿದ್ದುದರಿಂದ 2023ರ ಅಕ್ಟೋಬರಿನ ಕೊನೆಗೆ ಅದೂ ಬೀದಿಯನ್ನು ಬಿಟ್ಟಿತು. ಒಂದನ್ನಾದರೂ ವಸ್ತುಸಂಗ್ರಹಾಲಯದಲ್ಲಿ ಉಳಿಸಿರೆಂದು ಟ್ಯಾಕ್ಸಿ ನಡೆಸುವವರ ಸಂಘವು ಬೇಡಿಕೊಂಡಿತು.

ಆ ಬೇಡಿಕೆಯು ನಮ್ಮನ್ನೂ ಎಚ್ಚರಿಸಬೇಕು. ಸೊಲ್ಲಾಪುರದಲ್ಲಿ ವಾಲಚಂದರ ಹೆಸರನ್ನು ಹೊತ್ತ ಕಾಲೇಜುಗಳಿವೆ; ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ವಸ್ತುಸಂಗ್ರಹಾಲಯವಿದೆ. ಆದರೆ ಈ ಇಬ್ಬರೂ ಕೂಡಿ ಕಂಡ ಕನಸೊಂದು ಬಂಡಿಯಾಗಿ ನಮ್ಮ ಅಂಗಳಕ್ಕೆ ಬಂದಿದ್ದಿತೆಂಬುದು ನಮ್ಮ ಶಾಲೆಯ ಮಕ್ಕಳಿಗೆ ತಿಳಿಯದು. ಭಾಷೆಯ ಗಡಿ, ಪ್ರಾಂತದ ಗಡಿಗಳನ್ನು ಲೆಕ್ಕಿಸದೆ ಒಬ್ಬ ಮೈಸೂರಿನವರೂ ಒಬ್ಬ ಸೊಲ್ಲಾಪುರದವರೂ ಒಂದು ಕಾರ್ಯಕ್ಕೆ ಹೆಗಲು ಕೊಟ್ಟ ಈ ಪ್ರಸಂಗವು ಗಡಿಯಲ್ಲಿ ಬಾಳುವ ನಮಗಲ್ಲದೆ ಮತ್ತಾರಿಗೆ ಹೆಚ್ಚು ಹತ್ತಿರವಾದೀತು? ಕಾರನ್ನು ಗುಜರಿಗೆ ಕೊಟ್ಟವರಲ್ಲಿಯೂ ಹಣ ಕಟ್ಟಿದ ರಸೀತಿ, ನೋಂದಣಿಯ ಪುಸ್ತಕ, ಮದುವೆಯ ದಿಬ್ಬಣದ ಚಿತ್ರ, ಗ್ಯಾರೇಜಿನ ಲೆಕ್ಕದ ಚೀಟಿ ಮೊದಲಾದುವು ಉಳಿದಿರಬಹುದು. ಅವು ಚರಿತ್ರೆಯ ಸಾಮಗ್ರಿಗಳು. ಅಂತಹವುಳ್ಳವರು ಅವುಗಳನ್ನು ಜೋಪಾನವಾಗಿಡಬೇಕೆಂದೂ, ಆ ಕಾರನ್ನು ನಡೆಸಿದ ಹಿರಿಯರು ಮತ್ತು ಅದನ್ನು ರಿಪೇರಿ ಮಾಡಿದ ಮಿಸ್ತ್ರಿಗಳು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮಾತುಗಳನ್ನು ತರುಣರು ಬರೆದಿಟ್ಟುಕೊಳ್ಳಬೇಕೆಂದೂ ಪ್ರಾರ್ಥಿಸುತ್ತೇವೆ.