ಹಕ್ಕುಗಳ ಚಳವಳಿ ಯಾರ ಪಕ್ಷ?

ಮಾನವ ಹಕ್ಕುಗಳ ಸಂಘಟನೆ ಎಂದೊಡನೆ ‘ಅವರು ಯಾರ ಕಡೆಯವರು’ ಎಂದು ಕೇಳುವುದು ಈಗ ರೂಢಿಯಾಗಿದೆ. ಕೇಳುವವರ ಬಳಿ ಉತ್ತರವೂ ಸಿದ್ಧವಿರುತ್ತದೆ: ಎಡಪಂಥದ ಮುಖವಾಡ, ವಿದೇಶಿ ಹಣ. ಚಳವಳಿಯ ಚರಿತ್ರೆ ತಿಳಿದಿದ್ದರೆ ಇವರು ಇದಕ್ಕಿಂತ ಬಲವಾದ ಆರೋಪವನ್ನೇ ಮಾಡಬಹುದಿತ್ತು. 1936ರಲ್ಲಿ ನೆಹರೂ ಮುಂದಾಳತ್ವದಲ್ಲಿ, ಟಾಗೋರರ ಗೌರವಾಧ್ಯಕ್ಷತೆಯಲ್ಲಿ ಹುಟ್ಟಿದ ಭಾರತೀಯ ನಾಗರಿಕ ಸ್ವಾತಂತ್ರ್ಯ ಸಂಘ ಬ್ರಿಟಿಷರ ದಮನವನ್ನು ಎತ್ತಿ ತೋರಿಸುವುದರಲ್ಲಿ ಚುರುಕಾಗಿತ್ತು. ಮರುವರ್ಷ ಪ್ರಾಂತ್ಯಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದ ಮೇಲೆ ಅದು ಸೊರಗತೊಡಗಿತು. ತುರ್ತುಪರಿಸ್ಥಿತಿಯ ನಡುವೆ, 1976ರಲ್ಲಿ, ಜಯಪ್ರಕಾಶ ನಾರಾಯಣರ ಪ್ರೇರಣೆಯಿಂದ ಎದ್ದ ನಾಗರಿಕ ಸ್ವಾತಂತ್ರ್ಯ ಹಾಗೂ ಪ್ರಜಾಸತ್ತಾತ್ಮಕ ಹಕ್ಕುಗಳ ಜನ ಒಕ್ಕೂಟ ಪಿಯುಸಿಎಲ್‌ಡಿಆರ್ ಕೂಡ ಜನತಾ ಪಕ್ಷ ಗೆದ್ದ ಮೇಲೆ ಮಂಪರಿಗೆ ಜಾರಿತು. ನಮ್ಮವರೇ ಗದ್ದುಗೆ ಏರಿದ ಮೇಲೆ ಕಾವಲೇಕೆ ಎಂಬ ಭಾವನೆ ಎರಡು ಸಲವೂ ಗೆದ್ದಿತು. ಸದಸ್ಯರ ಸಿದ್ಧಾಂತ ಯಾವುದೇ ಇರಲಿ, ತಮ್ಮವರು ಕಟಕಟೆಯಲ್ಲಿ ನಿಂತಾಗ ಅಳತೆಗೋಲು ಬದಲಾಗುತ್ತದೆಯೇ ಎಂಬುದರಲ್ಲೇ ಪಕ್ಷಪಾತದ ಪರೀಕ್ಷೆಯಿದೆ.

1980ರಲ್ಲಿ ಆ ಒಕ್ಕೂಟ ಪಿಯುಸಿಎಲ್ ಆಗಿ ಮರುಹುಟ್ಟು ಪಡೆದಾಗ, ಕಮ್ಯುನಿಸಂ ತೊರೆದ ಎಂ.ಎನ್. ರಾಯ್ ಪಂಥದ ವಿ.ಎಂ. ತಾರ್ಕುಂಡೆ ಅಧ್ಯಕ್ಷರಾದರು, ಮುಂದೆ ಬಿಜೆಪಿ ಮಂತ್ರಿಯಾದ ಅರುಣ್ ಶೌರಿ ಪ್ರಧಾನ ಕಾರ್ಯದರ್ಶಿ. ಇದನ್ನು ಎಡಪಂಥದ ಸಂಚೆಂದು ಕರೆಯಲು ಒಳ್ಳೆಯ ಕಲ್ಪನಾಶಕ್ತಿ ಬೇಕು. 1984ರ ನವೆಂಬರಿನಲ್ಲಿ ಪಿಯುಸಿಎಲ್ ಮತ್ತು ಪ್ರಜಾಸತ್ತಾತ್ಮಕ ಹಕ್ಕುಗಳ ಒಕ್ಕೂಟ ಪಿಯುಡಿಆರ್ ಒಟ್ಟಾಗಿ ದೆಹಲಿಯ ಸಿಖ್ ನರಮೇಧದ ವರದಿ ತಂದು, ಕಾಂಗ್ರೆಸ್ಸಿನವರ ಹೆಸರುಗಳನ್ನು ಬರೆದವು. ಅದು ಆಳುವವರಿಗೆ ಅಪಥ್ಯವಾಯಿತು, ವಿರೋಧಿಗಳಿಗೆ ಪ್ರಿಯವಾಯಿತು. 2002ರಲ್ಲಿ ಪಿಯುಸಿಎಲ್ ಗುಜರಾತಿನ ಹಿಂಸೆಯನ್ನು ದಾಖಲಿಸಿದಾಗ ಹೊಗಳುವವರು, ತೆಗಳುವವರು ಅದಲುಬದಲಾದರು. ಹೊರಗಿನ ಚರಿತ್ರೆಯೂ ಬೇರೆಯಲ್ಲ. 1961ರಲ್ಲಿ ಶುರುವಾದ ಆಮ್ನೆಸ್ಟಿ ಪಕ್ಷಪಾತದ ದೂರನ್ನು ಮೊದಲೇ ಊಹಿಸಿ, ಪಶ್ಚಿಮದಿಂದ ಒಬ್ಬ, ಕಮ್ಯುನಿಸ್ಟ್ ದೇಶದಿಂದ ಒಬ್ಬ, ಮೂರನೇ ಜಗತ್ತಿನಿಂದ ಒಬ್ಬ ಕೈದಿ ಎಂದು ತನ್ನ ಸದಸ್ಯರ ಪ್ರತಿ ಸ್ಥಳೀಯ ಗುಂಪಿಗೆ ಮೂವರನ್ನು ವಹಿಸಿತು. ಹ್ಯೂಮನ್ ರೈಟ್ಸ್ ವಾಚ್ ಕಟ್ಟಿದ ರಾಬರ್ಟ್ ಬರ್ನ್‌ಸ್ಟೀನ್ 2009ರಲ್ಲಿ, ಅದು ಇಸ್ರೇಲಿನ ಮೇಲೆ ಅತಿಯಾಗಿ ಕಣ್ಣಿಟ್ಟಿದೆಯೆಂದು ಪತ್ರಿಕೆಯಲ್ಲೇ ಬರೆದರು. ತಲೆ ಎಣಿಸಿ ಸಮತೋಲ ತರುವ ಉಪಾಯದ ಮಿತಿ ಇಲ್ಲಿದೆ: ಎಷ್ಟು ವರದಿ ಎಂಬುದನ್ನು ಎಣಿಸಬಹುದು, ವರದಿ ನಿಜವೇ ಎಂಬುದನ್ನು ಎಣಿಕೆ ಹೇಳದು.

ಪ್ರಶ್ನೆಯನ್ನು ಬುಡದಿಂದ ಕೆದಕಿದ್ದು ನೆರೆಯ ಅವಿಭಜಿತ ಆಂಧ್ರ. ಎನ್‌ಕೌಂಟರ್ ಎಂಬ ಹೆಸರಿನ ಕೊಲೆಗಳನ್ನು ಒಂದೊಂದಾಗಿ ಬಯಲಿಗೆಳೆದ ಆಂಧ್ರಪ್ರದೇಶ ನಾಗರಿಕ ಸ್ವಾತಂತ್ರ್ಯ ಸಮಿತಿ ಎಪಿಸಿಎಲ್‌ಸಿಗೆ ನಕ್ಸಲರ ಮುಂಚೂಣಿ ದಳವೆಂಬ ಪಟ್ಟ ಸಿಕ್ಕಿತು. ಅದರ ಬೆಲೆ ನೆತ್ತರು: 1985ರಲ್ಲಿ ವಾರಂಗಲ್ಲಿನ ಮಕ್ಕಳ ವೈದ್ಯ ಡಾ. ರಾಮನಾಥಂ, 1991ರಲ್ಲಿ ವಕೀಲ ನರ್ರ ಪ್ರಭಾಕರ ರೆಡ್ಡಿ ಕೊಲೆಯಾದರು. ಇಂಥ ಸಂಘಟನೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಗಣಿತಜ್ಞ ಕೆ. ಬಾಲಗೋಪಾಲ್ ತೊಂಬತ್ತರ ದಶಕದಲ್ಲಿ ಕೇಳಿದ ಪ್ರಶ್ನೆ ಅದಕ್ಕೇ ಸಾಹಸದ್ದು. ಮಾಹಿತಿದಾರನೆಂಬ ಅನುಮಾನದ ಮೇಲೆ ನಕ್ಸಲರು ಬಡ ರೈತನೊಬ್ಬನನ್ನು ಕೊಂದರೆ ಹಕ್ಕುಗಳ ಸಂಘಟನೆ ಅದಕ್ಕೆ ಸಾಮಾಜಿಕ ಕಾರಣ ಹುಡುಕುತ್ತ ಕೂರಬೇಕೆ? ಗುರಿ ನ್ಯಾಯವಾದದ್ದೆಂದ ಮಾತ್ರಕ್ಕೆ ಬಂದೂಕು ಹಿಡಿದವನ ಅಧಿಕಾರ ಅಧಿಕಾರವಲ್ಲದೆ ಹೋಗುತ್ತದೆಯೆ? ವಾದ ಒಡಕಿನಲ್ಲಿ ಮುಗಿದು 1998ರಲ್ಲಿ ಮಾನವ ಹಕ್ಕುಗಳ ವೇದಿಕೆ ಹುಟ್ಟಿತು. ಪೊಲೀಸರ ವಿರುದ್ಧದ ಕೆಲಸವನ್ನು ಅದು ಎಳ್ಳಷ್ಟೂ ಸಡಿಲಿಸಲಿಲ್ಲ. ಜಾತಿ, ಗಂಡಾಳಿಕೆ, ಸಶಸ್ತ್ರ ಗುಂಪು ಎಲ್ಲವನ್ನೂ ಅಧಿಕಾರದ ಕೇಂದ್ರಗಳೆಂದೇ ಕಂಡಿತು. ಇದೇ ಹೊತ್ತಿಗೆ ನಿವೃತ್ತ ಐಎಎಸ್ ಅಧಿಕಾರಿ ಎಸ್.ಆರ್. ಶಂಕರನ್ ಮುಂದಾಳತ್ವದ ಕಾಳಜಿಯುಳ್ಳ ನಾಗರಿಕರ ಸಮಿತಿ ಸರ್ಕಾರಕ್ಕೂ ನಕ್ಸಲರಿಗೂ ಒಂದೇ ದನಿಯಲ್ಲಿ ಬುದ್ಧಿ ಹೇಳುತ್ತ ಬಂದು, 2004ರ ಮಾತುಕತೆಗೆ ದಾರಿ ಮಾಡಿತು.

ಬಾಲಗೋಪಾಲರ ಪ್ರಶ್ನೆಗೆ ಎಪಿಸಿಎಲ್‌ಸಿಯ ಹಳಬರು ಕೊಟ್ಟ ಉತ್ತರವನ್ನು ಹಗುರವಾಗಿ ಕಾಣಲಾಗದು. ಸಂವಿಧಾನಕ್ಕೆ ಕಟ್ಟುಬಿದ್ದದ್ದು ಸರ್ಕಾರ. ನಮ್ಮ ತೆರಿಗೆಯಿಂದ, ನಮ್ಮ ಹೆಸರಿನಲ್ಲಿ ಕೊಲ್ಲುವುದು ಅದೇ. ಎರಡೂ ಕಡೆಯನ್ನು ಸಮನಾಗಿ ಬೈದರೆ ಬಲವಿರುವವನಿಗೇ ಲಾಭ. ಈ ಮಾತಿನ ಮೊದಲರ್ಧ ಪೂರ್ತಿ ಸರಿ. ಕಾನೂನಿನ ಹೊಣೆ ಸರ್ಕಾರದ ಮೇಲೆ ಹೆಚ್ಚು, ಟೀಕೆಯ ಭಾರವೂ ಅತ್ತಲೇ ಹೆಚ್ಚಿರಬೇಕು. ಆದರೆ ಹೆಚ್ಚು ಕಡಿಮೆಯ ಮಾತು ಬೇರೆ, ಮೌನ ಬೇರೆ. 1990ರಲ್ಲಿ ಕಣಿವೆ ಬಿಟ್ಟು ಹೊರಟ ಕಾಶ್ಮೀರಿ ಪಂಡಿತರ ಸಂಕಟವನ್ನು ಸೇನೆಯ ದೌರ್ಜನ್ಯದ ವರದಿಗಳ ಅಂಚಿನಲ್ಲಿ ಮುಗಿಸಿದಾಗ ಆದ ನಷ್ಟ ಪಂಡಿತರಿಗಷ್ಟೇ ಅಲ್ಲ. ಸೇನೆಯ ಬಗ್ಗೆ ಬರೆದ ನಿಜವನ್ನೂ ಜನ ನಂಬದಾದರು.

ಇನ್ನು ಕರ್ನಾಟಕದ ಮಾತು. ಇಲ್ಲಿನ ಪಿಯುಸಿಎಲ್ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯವನ್ನು ದಾಖಲಿಸಿತು. ಆಗ ಅನೇಕ ಪ್ರಗತಿಪರರಿಗೂ ಅದು ಹಕ್ಕಿನ ವಿಷಯವೆನ್ನಿಸಿರಲಿಲ್ಲ. 2009ರಲ್ಲಿ ದಕ್ಷಿಣ ಕನ್ನಡದ ನೈತಿಕ ಪೊಲೀಸ್‌ಗಿರಿಯ ಬಗ್ಗೆ ಅದರ ವರದಿ ಬಂತು. 2016ರಲ್ಲಿ ಬೆಂಗಳೂರಿನಲ್ಲಿ ಕಾಶ್ಮೀರ ಕುರಿತು ಸಭೆ ನಡೆಸಿದ ಆಮ್ನೆಸ್ಟಿಯ ಮೇಲೆ ದೇಶದ್ರೋಹದ ಮೊಕದ್ದಮೆ ಬಿದ್ದಾಗ ಪಕ್ಷಪಾತದ ಆರೋಪ ಠಾಣೆಯ ಕಡತವೇ ಆಯಿತು. ಬ್ಯಾಂಕ್ ಖಾತೆ ಸ್ತಂಭನಗೊಂಡು 2020ರಲ್ಲಿ ಅದು ಭಾರತದ ಕೆಲಸ ನಿಲ್ಲಿಸಿತು. ಇಂಥ ಮುತ್ತಿಗೆಯಲ್ಲಿ ಆತ್ಮವಿಮರ್ಶೆ ವೈರಿಗೆ ಆಯುಧ ಕೊಟ್ಟಂತೆ ಎಂಬ ಅಂಜಿಕೆ ಸಹಜ. ಆದರೂ ಮಲೆನಾಡಿನಲ್ಲಿ ನಕ್ಸಲರ ಗುಂಡಿಗೆ ಬಲಿಯಾದ ಹಳ್ಳಿಗರ ಬಗ್ಗೆ ಬಾಲಗೋಪಾಲರು ತೆಲುಗಿನಲ್ಲಿ ನಡೆಸಿದಂಥ ಬಿಚ್ಚು ಜಗಳ ಕನ್ನಡದಲ್ಲಿ ಬರಹಕ್ಕಿಳಿದದ್ದು ತೀರ ಕಡಿಮೆ. ಆಂಧ್ರದವರು ಅದನ್ನು ನಡೆಸಿದ್ದು ತಮ್ಮ ಗೆಳೆಯರು ಕೊಲೆಯಾಗುತ್ತಿದ್ದ ಕಾಲದಲ್ಲಿ.