ಅಕ್ಷರಪರದೆಯ ಪುಟಗುರುತು: ಲಿಂಕ್ಸ್ ಬ್ರೌಸರ್ ನಡೆದು ಬಂದ ದಾರಿ

ಅಂತರಜಾಲವೆಂದೊಡನೆ ಬಣ್ಣಬಣ್ಣದ ಚಿತ್ರಗಳೂ ಬೆರಳ ಸ್ಪರ್ಶಕ್ಕೆ ಜಾರುವ ಪರದೆಗಳೂ ಕಣ್ಮುಂದೆ ಬರುವ ಈ ಕಾಲದಲ್ಲಿ, ಕೇವಲ ಅಕ್ಷರಗಳನ್ನೇ ನೆಚ್ಚಿ ಹುಟ್ಟಿದ ಬ್ರೌಸರೊಂದು ಇನ್ನೂ ಜೀವಂತವಾಗಿದೆಯೆಂದರೆ ಹಲವರಿಗೆ ಅಚ್ಚರಿಯಾದೀತು. ಅದರ ಹೆಸರು ಲಿಂಕ್ಸ್. (ಲಿನಕ್ಸ್ ಎಂಬುದು ಬೇರೆಯೇ ವಸ್ತು, ಎರಡನ್ನೂ ಒಂದೆಂದು ತಿಳಿಯಬಾರದು.) ಕೊಂಡಿಗಳು ಎಂಬರ್ಥದ ಇಂಗ್ಲಿಷ್ ಪದವನ್ನು ಅದೇ ಉಚ್ಚಾರಣೆಯ ಕಾಡುಬೆಕ್ಕೊಂದರ ಹೆಸರಾಗಿಸಿದ ಶ್ಲೇಷೆ ಇದು. 1992ರಲ್ಲಿ ಅಮೆರಿಕದ ಲಾರೆನ್ಸ್ ಪಟ್ಟಣದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಲೂ ಮಾಂಟುಲಿ, ಮೈಕೇಲ್ ಗ್ರೋಬ್ ಮತ್ತು ಚಾರ್ಲ್ಸ್ ರೆಝಾಕ್ ಎಂಬ ಮೂವರು ತಮ್ಮ ಆವರಣದ ಮಾಹಿತಿಯನ್ನು ಎಲ್ಲರಿಗೂ ತಲುಪಿಸಲೆಂದು ಇದನ್ನು ರಚಿಸಿದರು. 1993ರಲ್ಲಿ ಇದು ವಿಶ್ವವ್ಯಾಪಿ ಜಾಲದ ಪುಟಗಳನ್ನೂ ಓದಬಲ್ಲದ್ದಾಯಿತು.

ಅದಕ್ಕೂ ಹಿಂದಿನ ಸ್ಥಿತಿಯನ್ನು ನೆನೆಯದೆ ಇದರ ಹಿರಿಮೆ ತಿಳಿಯದು. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ನಿರ್ಮಿಸಿದ ಮೊದಲ ಬ್ರೌಸರ್ ನೆಕ್ಸ್ಟ್ ಎಂಬ ದುಬಾರಿ ಗಣಕಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು. ಸಾಮಾನ್ಯ ಯಂತ್ರಗಳಿಗಾಗಿ ನಿಕೋಲಾ ಪೆಲೊ ಎಂಬ ಗಣಿತ ವಿದ್ಯಾರ್ಥಿನಿ ಸಾಲುಸಾಲಾಗಿ ಅಕ್ಷರ ಮೂಡಿಸುವ ಬ್ರೌಸರನ್ನು ಬರೆದುಕೊಟ್ಟಳು. 1991ರಲ್ಲಿ ಅದು ಬಳಕೆಗೆ ಬಂತು. ಅದರಲ್ಲಿ ಪ್ರತಿಯೊಂದು ಕೊಂಡಿಗೂ ಒಂದು ಸಂಖ್ಯೆ. ಬೇಕಾದ ಕೊಂಡಿಯ ಸಂಖ್ಯೆಯನ್ನು ಒತ್ತಿದರೆ ಆ ಪುಟ ತೆರೆಯುತ್ತಿತ್ತು. ಲಿಂಕ್ಸ್ ಈ ಸಂಖ್ಯೆಗಳ ಗೊಡವೆಯನ್ನು ಬಿಟ್ಟು ನಾಲ್ಕು ಬಾಣದ ಕೀಲಿಗಳನ್ನು ಹಿಡಿಯಿತು. ಮೇಲಿನ, ಕೆಳಗಿನ ಬಾಣಗಳಿಂದ ಕೊಂಡಿಯ ಆಯ್ಕೆ, ಬಲಬಾಣದಿಂದ ಪ್ರವೇಶ, ಎಡಬಾಣದಿಂದ ಬಂದ ದಾರಿಗೆ ಮರಳುವಿಕೆ. ಒಂದು ಸಾಲಿಗೆ 80 ಅಕ್ಷರ, ಪರದೆಗೆ 24 ಸಾಲು ಹಿಡಿಸುವ, ಮೌಸ್ ಇಲ್ಲದ ಯಂತ್ರದ ಮುಂದೆ ಕುಳಿತವರಿಗೂ ಇಷ್ಟು ಸಾಕಾಗಿತ್ತು.

ಈ ಲೇಖನಕ್ಕೆ ಮುಖ್ಯವಾದುದು ಲಿಂಕ್ಸ್‌ನ ನೆನಪಿನ ವ್ಯವಸ್ಥೆ. ನಾವು ಎಲ್ಲೆಲ್ಲಿ ಹೋಗಿಬಂದೆವು ಎಂಬುದು ಒಂದು ನೆನಪು. ಎಲ್ಲಿಗೆ ಮತ್ತೆ ಬರಬೇಕೆಂದು ನಿಶ್ಚಯಿಸಿದೆವು ಎಂಬುದು ಇನ್ನೊಂದು. ಲಿಂಕ್ಸ್ ಇವೆರಡನ್ನೂ ಬೆರೆಸುವುದಿಲ್ಲ. ಅಳಿಸುವ ಕೀಲಿಯನ್ನು ಒತ್ತಿದರೆ, ಈಗಿರುವ ಪುಟಕ್ಕೆ ಕರೆತಂದ ಮೆಟ್ಟಿಲುಗಳ ಪಟ್ಟಿ ಕಾಣುತ್ತದೆ. ಎಡಬಾಣದಿಂದ ಹಿಂದೆ ಸರಿದಂತೆ ಆ ಮೆಟ್ಟಿಲುಗಳು ಒಂದೊಂದಾಗಿ ಪಟ್ಟಿಯಿಂದ ಕಳಚಿಕೊಳ್ಳುತ್ತವೆ. ಪುಟಗುರುತಿನ ಬಗೆ ಹಾಗಲ್ಲ. ‘ಎ’ ಕೀಲಿ ಒತ್ತಿದ ಕೂಡಲೇ ಅದು ಒಂದು ಪ್ರಶ್ನೆ ಕೇಳುತ್ತದೆ: ಉಳಿಸಬೇಕಾದುದು ಓದುತ್ತಿರುವ ಈ ಪುಟವೋ, ಅಥವಾ ಬೆಳಕು ನಿಂತಿರುವ ಕೊಂಡಿಯ ಆಚೆಗಿರುವುದೋ? ಇನ್ನೂ ನೋಡದ ಊರನ್ನೂ ಗುರುತು ಹಾಕಿಕೊಳ್ಳಲು ಅವಕಾಶವುಂಟೆಂದಾಯಿತು. ‘ವಿ’ ಒತ್ತಿದರೆ ಪಟ್ಟಿ ತೆರೆಯುತ್ತದೆ, ‘ಆರ್’ ಒತ್ತಿದರೆ ಬೇಡವಾದ ಗುರುತು ಅಳಿಯುತ್ತದೆ. ಆ ಪಟ್ಟಿಯೂ ಒಂದು ಸಾಮಾನ್ಯ ಪುಟವೇ. ಓದುಗನ ಸ್ವಂತ ಯಂತ್ರದಲ್ಲಿ, ಯಾರೂ ತೆರೆದು ತಿದ್ದಬಹುದಾದ ಕಡತವಾಗಿ ಅದು ಕುಳಿತಿರುತ್ತದೆ. ಬೇಕೆಂದವರು ‘ಎ’ಯಿಂದ ‘ಝೆಡ್’ವರೆಗೆ 26 ಪಟ್ಟಿಗಳನ್ನು ಬೇರೆಬೇರೆಯಾಗಿ ಇರಿಸಿಕೊಳ್ಳಬಹುದು. ಅಡುಗೆಮನೆಯ ಡಬ್ಬಗಳಿಗೆ ಚೀಟಿ ಅಂಟಿಸಿಡುವ ಅಭ್ಯಾಸವಿರುವ ನನ್ನಂಥವರಿಗೆ ಇದು ಬಹಳ ಒಪ್ಪುವ ಏರ್ಪಾಟು.

ಭಾರತ ವಾಚನವನ್ನು ನಿಲ್ಲಿಸಿದಲ್ಲಿ ನಮ್ಮ ಹಿರಿಯರು ನವಿಲುಗರಿಯನ್ನೋ ದಾರದ ಎಳೆಯನ್ನೋ ಇಡುತ್ತಿದ್ದುದುಂಟು. ಒಂದು ಗ್ರಂಥಕ್ಕೆ ಆ ಒಂದು ಗರಿ ಸಾಕು. ಗ್ರಂಥಗಳ ಅರಣ್ಯದಲ್ಲೇ ಗುರುತು ಇಡಬೇಕಾದಾಗ ಏನು ಮಾಡುವುದೆಂದು ಮೊದಲೇ ಚಿಂತಿಸಿದವರಲ್ಲಿ ಅಮೆರಿಕದ ವ್ಯಾನಿವರ್ ಬುಷ್ ಪ್ರಮುಖರು. 1945ರ ಜುಲೈ ತಿಂಗಳ ‘ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಅವರು ಮೆಮೆಕ್ಸ್ ಎಂಬ ಕಾಲ್ಪನಿಕ ಯಂತ್ರವನ್ನು ವರ್ಣಿಸಿದರು. ಇತಿಹಾಸವನ್ನು ಪಠ್ಯವಾಗಿ ಓದಿದ ನನಗೆ ಅವರ ಉದಾಹರಣೆಯೇ ಹೆಚ್ಚು ಪ್ರಿಯ: ಧರ್ಮಯುದ್ಧಗಳ ಕಾಲದಲ್ಲಿ ತುರ್ಕರ ಗಿಡ್ಡ ಬಿಲ್ಲು ಇಂಗ್ಲಿಷರ ನೀಳ ಬಿಲ್ಲಿಗಿಂತ ಏಕೆ ಮೇಲೆನಿಸಿತೆಂದು ಹುಡುಕುವ ಓದುಗನೊಬ್ಬ ಪುಸ್ತಕದಿಂದ ಪುಸ್ತಕಕ್ಕೆ ಜಾಡು ಹೆಣೆಯುತ್ತಾನೆ. ವರ್ಷಗಳ ನಂತರ ಸ್ನೇಹಿತನಿಗೆ ಆ ಜಾಡನ್ನೇ ಪ್ರತಿ ಮಾಡಿ ಕೊಡುತ್ತಾನೆ. ಬುಷ್ ಬಯಸಿದ್ದು ಹೀಗೆ ಕೈದಾಟಿಸಬಹುದಾದ ದಾರಿಯನ್ನು. ಮುಂದೆ ಬಂದ ಬ್ರೌಸರುಗಳು ಉಳಿಸಿದ್ದು ಬಹುಮಟ್ಟಿಗೆ ತಂಗುದಾಣಗಳನ್ನು ಮಾತ್ರ. 1993ರ ಮೊಸಾಯಿಕ್ ಅದನ್ನು ‘ಹಾಟ್‌ಲಿಸ್ಟ್’ ಎಂದಿತು, ನೆಟ್‌ಸ್ಕೇಪ್ ‘ಬುಕ್‌ಮಾರ್ಕ್’ ಎಂದಿತು, ಮೈಕ್ರೋಸಾಫ್ಟ್ ‘ಫೇವರಿಟ್ಸ್’ ಎಂದಿತು.

ಲಿಂಕ್ಸ್ ಕಟ್ಟಿದ ಮಾಂಟುಲಿಯವರೇ 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯನ್ನು ಸೇರಿ, ಅದೇ ವರ್ಷ ‘ಕುಕಿ’ಯನ್ನು ರೂಪಿಸಿದರು. ತಾಣವೊಂದು ತನ್ನ ಭೇಟಿಗಾರನನ್ನು ಗುರುತಿಡಲು ಅವನ ಯಂತ್ರದಲ್ಲೇ ಬಿಟ್ಟುಹೋಗುವ ಸಣ್ಣ ಚೀಟಿ ಇದು. ಪುಟಗುರುತು ಓದುಗ ತಾಣಕ್ಕೆ ಇಟ್ಟ ಗುರುತಾದರೆ, ಕುಕಿ ತಾಣ ಓದುಗನಿಗೆ ಇಟ್ಟ ಗುರುತು. ಅಂಗಡಿಯ ಬುಟ್ಟಿಯಲ್ಲಿ ಹಾಕಿದ ಸಾಮಾನು ಮರೆತುಹೋಗದಿರಲೆಂಬ ಸದುದ್ದೇಶದಿಂದ ಹುಟ್ಟಿದ್ದು, ಮುಂದೆ ಜಾಹೀರಾತುದಾರರ ಕೈಗೆ ಸಿಕ್ಕಿದ ಕಥೆ ಎಲ್ಲರಿಗೂ ಗೊತ್ತಿದೆ. ಲಿಂಕ್ಸ್ ಮಾತ್ರ ತಾನಾಗಿ ಇಂಥ ಚೀಟಿಯನ್ನು ಸ್ವೀಕರಿಸುವುದಿಲ್ಲ. ಹೌದೇ, ಬೇಡವೇ, ಈ ತಾಣಕ್ಕೆ ಯಾವಾಗಲೂ ಹೌದೇ, ಎಂದೆಂದಿಗೂ ಬೇಡವೇ ಎಂದು ಮನೆಯ ಯಜಮಾನಿಯನ್ನು ಕೇಳಿಯೇ ಬಾಗಿಲು ತೆರೆಯುತ್ತದೆ. ಕೆಲವೊಮ್ಮೆ ಈ ವಿಚಾರಣೆ ಬೇಸರ ತರುವಷ್ಟು ಬಾರಿ ನಡೆಯುವುದೂ ನಿಜ.

ಪುಟಗುರುತು ವಿಳಾಸವನ್ನು ಕಾಯುತ್ತದೆಯೇ ಹೊರತು ಮನೆಯನ್ನಲ್ಲ. ಜನಸಾಮಾನ್ಯರ ಲಕ್ಷಾಂತರ ಪುಟಗಳಿಗೆ ನೆಲೆಯಾಗಿದ್ದ ಜಿಯೋಸಿಟೀಸ್ 2009ರ ಅಕ್ಟೋಬರಿನಲ್ಲಿ ಮುಚ್ಚಿದಾಗ ಅಷ್ಟೂ ಗುರುತುಗಳು ಬರಿದಾದವು. ಇಂಟರ್ನೆಟ್ ಆರ್ಕೈವ್ ಮೊದಲಾದವರು ಸಾಧ್ಯವಾದಷ್ಟನ್ನು ಪ್ರತಿ ಮಾಡಿಟ್ಟರು. ಲಿಂಕ್ಸ್‌ನಲ್ಲಿ ‘ಪಿ’ ಒತ್ತಿದರೆ ಪುಟದ ಬರಹವನ್ನೇ ಸ್ವಂತ ಕಡತವಾಗಿ ಇಳಿಸಿಕೊಳ್ಳಬಹುದು. ಬೇಕಾದ ಪುಟಕ್ಕೆ ‘ಎ’ ಒತ್ತಿದವರು ‘ಪಿ’ಯನ್ನೂ ಒತ್ತುವುದು ಲೇಸು.

ಕನ್ನಡದ ಮಟ್ಟಿಗೆ ಈ ಪರದೆ ಉದಾರಿಯಾಗಿರಲಿಲ್ಲ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಪ್ರತಿ ಅಕ್ಷರಕ್ಕೂ ಸಮಾನ ಚೌಕವನ್ನು ಅಳೆದುಕೊಡುವ ಪರದೆಯಲ್ಲಿ ನಮ್ಮ ಒತ್ತಕ್ಷರಗಳಿಗೆ ಎಡೆ ಸಾಲದು. ಆ ದಶಕದಲ್ಲಿ ಒಂದೊಂದು ಫಾಂಟಿಗೆ ಒಂದೊಂದು ಸಂಕೇತದಂತೆ ಬರೆದ ಕನ್ನಡ ಪುಟಗಳು ಅಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತಿದ್ದವು. ಕನ್ನಡ ಬರಹವನ್ನು ಚಿತ್ರವಾಗಿ ಅಂಟಿಸಿದಲ್ಲಿ ಅಷ್ಟೂ ಇಲ್ಲ. ‘ಇಲ್ಲೊಂದು ಚಿತ್ರವಿದೆ’ ಎಂಬ ಸೂಚನೆ ಮಾತ್ರ. ಲಿಂಕ್ಸ್‌ನ ನಿರಾಡಂಬರ ಬರಹವನ್ನು ಬ್ರೈಲ್ ಪಟ್ಟಿಯ ಮೂಲಕವೋ, ಓದಿ ಹೇಳುವ ಯಂತ್ರದ ಮೂಲಕವೋ ಬಳಸುತ್ತ ಬಂದ ಅಂಧ ಓದುಗರಿಗೂ ಅದೇ ಸೂಚನೆ. ಇಂದು ಯುನಿಕೋಡ್ ಕನ್ನಡವನ್ನು ಯಂತ್ರಗಳು ಗಟ್ಟಿಯಾಗಿ ಓದಿ ಹೇಳುತ್ತವೆ. ಆದರೂ ನಮ್ಮ ಸಂಘಗಳ ಆಮಂತ್ರಣಗಳು ಈಗಲೂ ಚಿತ್ರರೂಪದಲ್ಲಿಯೇ ಹರಿದಾಡುತ್ತಿವೆ.