ಆಸ್ಪತ್ರೆ ಬಟ್ಟೆಯ ಗುರುತು: ಕರಿಗೇರಿನಿಂದ ಆರ್‌ಎಫ್‌ಐಡಿವರೆಗೆ

ಬೆಡ್‌ಶೀಟು, ದಿಂಬಿನ ಚೀಲ, ರೋಗಿಯ ಗೌನು, ಓ.ಟಿ.ಯ ಹಸಿರು ಬಟ್ಟೆ, ಸಿಬ್ಬಂದಿಯ ಸಮವಸ್ತ್ರ. ಇವುಗಳ ಅಂಚಿಗೆ ರೇಡಿಯೊ ಅಲೆಗೆ ಉತ್ತರಿಸುವ ಪುಟ್ಟ ಚಿಪ್ ಹೊಲಿದು, ಯಾವ ಬಟ್ಟೆ ಯಾವಾಗ ವಾರ್ಡಿನಿಂದ ಲಾಂಡ್ರಿಗೆ ಹೋಯಿತು, ಯಾವಾಗ ತಿರುಗಿ ಬಂತು ಎಂಬ ಲೆಕ್ಕವಿಡುವುದೇ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿರುವ ಆರ್‌ಎಫ್‌ಐಡಿ ಪದ್ಧತಿ. ತಂತ್ರ ಹೊಸದಾದರೂ ಬಟ್ಟೆಗೆ ಗುರುತು ಹಾಕುವ ಕಸುಬು ಬಹಳ ಹಳೆಯದು.

ನಮ್ಮಲ್ಲಿ ಆ ಕಸುಬನ್ನು ಬೆಳೆಸಿದವರು ಮಡಿವಾಳರು. ಆಯುರ್ವೇದದಲ್ಲಿ ಭಲ್ಲಾತಕವೆನಿಸಿದ ಕರಿಗೇರಿನ ಕಾಯಿಗೆ ಮೊನೆಯಿಂದ ಚುಚ್ಚಿ, ಒಸರಿದ ರಸದಲ್ಲಿ ಕಾಲರಿನ ಒಳಗೋ ಪಂಚೆಯ ಮೂಲೆಗೋ ಚುಕ್ಕೆ ಗೀರುಗಳನ್ನು ಇಡುತ್ತಿದ್ದರು. ಸುಣ್ಣ ತಾಗಿದರೆ ಅದು ಕಪ್ಪಗೆ ಕಚ್ಚಿಕೊಳ್ಳುತ್ತಿತ್ತು. ಬಂಡೆಗೆ ಎಷ್ಟು ಒಗೆದರೂ ಹೋಗದು. ಒಂದೊಂದು ಮನೆಗೆ ಒಂದೊಂದು ಗುರುತು. ಅಕ್ಷರ ಬಾರದವರೂ ನೂರಾರು ಮನೆಗಳ ಬಟ್ಟೆಯನ್ನು ತಪ್ಪದೆ ಬೇರ್ಪಡಿಸುತ್ತಿದ್ದರು. ಇದು ಜ್ಞಾಪಕಶಕ್ತಿಯ ಮೇಲೆ ನಿಂತ ಅಸಾಧಾರಣ ದಾಖಲೆ ವ್ಯವಸ್ಥೆ, ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ. ಗುರುತು ಸಿಗದ ಶವದ ಊರು ಪತ್ತೆ ಹಚ್ಚಲು ಪೊಲೀಸರೂ ಅಂಗಿಯ ಈ ಚುಕ್ಕೆಗಳನ್ನೇ ಹುಡುಕುತ್ತಿದ್ದರು. ಕರಿಗೇರಿನ ರಸ ಚರ್ಮವನ್ನು ಸುಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದ ಅಮೆರಿಕನ್ ಸೈನಿಕರಿಗೆ ಅಂಗಿಯ ಗುರುತು ತಾಗಿದ ಕಡೆಯೇ ಬೊಕ್ಕೆ ಎದ್ದವು. 1943ರಲ್ಲಿ ಆ ಸೇನೆಯ ವೈದ್ಯರು ಇದಕ್ಕೆ ‘ದೋಬಿ ಗುರುತಿನ ಚರ್ಮರೋಗ’ವೆಂದೇ ಹೆಸರಿಟ್ಟು ವೈದ್ಯಪತ್ರಿಕೆಯಲ್ಲಿ ಬರೆದರು.

ಆಸ್ಪತ್ರೆಯ ಬಟ್ಟೆಗೂ ರೋಗಿಯ ಪ್ರಾಣಕ್ಕೂ ಇರುವ ನಂಟು ಜಗತ್ತಿಗೆ ಮನದಟ್ಟಾದದ್ದು ಕ್ರಿಮಿಯಾ ಯುದ್ಧದಲ್ಲಿ. 1854ರ ನವೆಂಬರಿನಲ್ಲಿ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದಿಳಿದ ಫ್ಲಾರೆನ್ಸ್ ನೈಟಿಂಗೇಲ್ ಮಾಡಿಸಿದ ಮೊದಮೊದಲ ಕೆಲಸಗಳಲ್ಲಿ ನೀರು ಕಾಯಿಸುವ ಹಂಡೆಗಳಿದ್ದ ಒಗೆಯುವ ಮನೆಯೂ ಒಂದು. ಇಂದು ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಆಸ್ಪತ್ರೆಯ ಬಟ್ಟೆ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 10 ನಿಮಿಷ, ಇಲ್ಲವೇ 71 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಇರಬೇಕು. ಭಾರತದ ಸರ್ಕಾರಿ ಆಸ್ಪತ್ರೆಗಳು ಹೆಸರಿನ ಮೊಹರು ಒತ್ತುವುದನ್ನೇ ಬಹುಕಾಲ ನೆಚ್ಚಿಕೊಂಡವು. ಆಮೇಲೆ ಹಲವೆಡೆ ವಾರದ ದಿನಕ್ಕೊಂದು ಬಣ್ಣದ ಬೆಡ್‌ಶೀಟು ಬಂತು. ನಿನ್ನೆಯ ಬಣ್ಣ ಇಂದೂ ಹಾಸಿಗೆಯ ಮೇಲಿದ್ದರೆ ರೋಗಿಯ ಕಡೆಯವರಿಗೂ ತಿಳಿಯುತ್ತದೆ. ಕಡಿಮೆ ಖರ್ಚಿನ, ಜಾಣ ಉಪಾಯ. ಆದರೆ ಎಷ್ಟು ಬಟ್ಟೆ ಹೋಯಿತು, ಎಷ್ಟು ಬಂತು ಎಂಬುದು ಬಣ್ಣದಿಂದ ತಿಳಿಯದು.

ಆರ್‌ಎಫ್‌ಐಡಿಯ ಬೇರು ಯುದ್ಧವಿಮಾನದಲ್ಲಿದೆ. ರೇಡಾರ್ ಪರದೆಯ ಮೇಲೆ ಕಂಡ ವಿಮಾನ ನಮ್ಮದೋ ಶತ್ರುವಿನದೋ ಎಂದು ಅರಿಯಲು ವಿಮಾನವೇ ರೇಡಿಯೊದಲ್ಲಿ ಉತ್ತರ ಕೊಡುವ ಏರ್ಪಾಡು ಎರಡನೆಯ ಮಹಾಯುದ್ಧದಲ್ಲಿ ಬಳಕೆಗೆ ಬಂತು. ಪ್ರತಿಫಲಿಸಿದ ಅಲೆಯಿಂದಲೇ ಸಂದೇಶ ಕಳಿಸಬಹುದೆಂದು ಹ್ಯಾರಿ ಸ್ಟಾಕ್‌ಮನ್ 1948ರಲ್ಲಿ ಬರೆದರು. 1973ರಲ್ಲಿ ಮಾರಿಯೊ ಕಾರ್ಡುಲ್ಲೊಗೆ ನೆನಪಿನ ಕೋಶವುಳ್ಳ ಟ್ಯಾಗಿನ ಪೇಟೆಂಟ್ ದೊರೆಯಿತು.

ಬಟ್ಟೆಗೆ ಬಂದ ಮೊದಲ ಟ್ಯಾಗುಗಳು ಅಂಗಿಯ ಗುಂಡಿಯಂತೆ ಗಟ್ಟಿಯಾಗಿದ್ದವು. ಅವನ್ನು ರೀಡರಿನ ಹತ್ತಿರ ಹಿಡಿದು ಓದಿಸಬೇಕಿತ್ತು. ನಾರ್ವೆಯ ಟ್ರೊಂಡ್‌ಹೈಮಿನ ಸೇಂಟ್ ಓಲಾವ್ ಆಸ್ಪತ್ರೆ ಲಕ್ಷಕ್ಕೂ ಹೆಚ್ಚು ಬಟ್ಟೆಗಳಿಗೆ ಟ್ಯಾಗ್ ಹೊಲಿಸಿ, ಇದು ದೊಡ್ಡ ಪ್ರಮಾಣದಲ್ಲಿ ನಡೆಯುವ ಕೆಲಸವೆಂದು ತೋರಿಸಿತು. ಈಗಿನ ಯುಎಚ್‌ಎಫ್ (ಅತ್ಯುಚ್ಚ ಆವರ್ತನದ) ಟ್ಯಾಗುಗಳು ಬಟ್ಟೆಯಂತೆಯೇ ಬಾಗುವ ಪಟ್ಟಿಗಳು. ಅವಕ್ಕೆ ಬ್ಯಾಟರಿ ಬೇಡ; ರೀಡರಿನ ಅಲೆಯೇ ಚಿಪ್ಪನ್ನು ಎಬ್ಬಿಸುತ್ತದೆ. ಕೊಳೆಬಟ್ಟೆಯ ಮೂಟೆಯನ್ನು ಬಿಚ್ಚದೆ ರೀಡರ್ ಗೂಡಿನೊಳಗೆ ತಳ್ಳಿದರೆ, ಒಳಗೆ ಎಷ್ಟು ಬಟ್ಟೆಗಳಿವೆ, ಯಾವುವು ಎಂಬ ಪಟ್ಟಿ ಕೆಲವೇ ಸೆಕೆಂಡುಗಳಲ್ಲಿ ಪರದೆಯ ಮೇಲೆ ಬರುತ್ತದೆ. ರಕ್ತ, ಕೀವು ಹತ್ತಿದ ಬಟ್ಟೆಯನ್ನು ಕೈಯಿಂದ ಎಣಿಸುವ ಕೆಲಸಗಾರರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕಿಲ್ಲ. ಇಂಥ ಟ್ಯಾಗು ಸಾಮಾನ್ಯವಾಗಿ 200 ಒಗೆತಗಳನ್ನು ತಾಳುತ್ತದೆ. ಯಾವ ಗೌನು ಎಷ್ಟು ಸಲ ಒಗೆಸಿಕೊಂಡಿದೆ, ಯಾವುದನ್ನು ಇನ್ನು ತೆಗೆದುಹಾಕಬೇಕು ಎಂಬುದೂ ದಾಖಲಾಗುತ್ತದೆ.

ಕೊರತೆಗಳೂ ಇವೆ. ನೀರು ರೇಡಿಯೊ ಅಲೆಯನ್ನು ಹೀರುವುದರಿಂದ ಒದ್ದೆ ಬಟ್ಟೆಯನ್ನು ಓದಿಸುವುದು ಕಷ್ಟ. ಕಬ್ಬಿಣದ ಟ್ರಾಲಿ ಅಲೆಯನ್ನು ದಿಕ್ಕು ತಪ್ಪಿಸುತ್ತದೆ. ಎಂಆರ್‌ಐ ಕೋಣೆಗೆ ಹೋಗುವ ಬಟ್ಟೆಯ ಟ್ಯಾಗನ್ನು ಮೊದಲೇ ಪರೀಕ್ಷಿಸಿರಬೇಕು. ಸಮವಸ್ತ್ರದ ಚಿಪ್ಪು ನರ್ಸಮ್ಮನ ಓಡಾಟವನ್ನು ಕಾಯುವ ಕಾವಲಾಗಬಾರದೆಂಬ ನಿಯಮವನ್ನು ಟ್ಯಾಗು ಹೊಲಿಸುವ ಮೊದಲೇ ಬರೆದಿಡಬೇಕು.

ಬಳ್ಳಾರಿ ಜಿಲ್ಲೆಯ ಗಣಿನಾಡಾದ ನಮ್ಮ ಸಂಡೂರಿನವರಿಗೆ ಈ ತಂತ್ರ ಅಪರಿಚಿತವೇನಲ್ಲ. 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ಭಾರತದಲ್ಲಿ ಯುಎಚ್‌ಎಫ್ ಟ್ಯಾಗಿಗೆ ದಾರಿಯಾಯಿತು. 2021ರ ಫೆಬ್ರುವರಿಯಿಂದ ಟೋಲಿನಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಅದಿರು ಹೊತ್ತು ಹೆದ್ದಾರಿಗೆ ಇಳಿಯುವ ಲಾರಿಯ ಗಾಜಿನ ಮೇಲಿರುವುದೂ ಬೆಡ್‌ಶೀಟಿನ ಅಂಚಿಗೆ ಹೊಲಿಯುವುದೂ ಒಂದೇ ಬಳಗದ ಚಿಪ್ಪು. ಅದಿರಿನ ಕೆಂಧೂಳು ಅಡರುವ ಈ ಸೀಮೆಯಲ್ಲಿ ಬಟ್ಟೆ ಹೆಚ್ಚು ಒಗೆತ ಬೇಡುತ್ತದೆ. ತೋರಣಗಲ್ಲು, ದೋಣಿಮಲೈಗಳಲ್ಲಿ ಕಾರ್ಖಾನೆ ಮತ್ತು ಗಣಿಗಳ ಆಸ್ಪತ್ರೆಗಳಿವೆ. ಹೆಚ್ಚಿನ ಚಿಕಿತ್ಸೆಗೆ ಜನ ಹೋಗುವುದು 1961ರಲ್ಲಿ ಶುರುವಾದ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ, ಅಂದರೆ ಹಿಂದಿನ ವಿಮ್ಸ್‌ಗೆ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳು ಸಾಮಾನ್ಯವಾಗಿ 100 ಹಾಸಿಗೆಯವು. ಒಂದು ಹಾಸಿಗೆಗೆ ಕನಿಷ್ಠ ಐದು ಜೊತೆ ಬಟ್ಟೆ ಎಂದರೂ ಬೆಡ್‌ಶೀಟುಗಳೇ ಐನೂರು. ಐನೂರನ್ನು ನೆನಪಿನಲ್ಲಿಟ್ಟು ಎಣಿಸಲಾಗದು.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಆಸ್ಪತ್ರೆಯ ಕಸದ ಚೀಲಕ್ಕೆ ಬಾರ್‌ಕೋಡ್ ಕಡ್ಡಾಯ ಮಾಡಿವೆ. ರಕ್ತ ಹತ್ತಿ ಬಿಸಾಡುವ ಬೆಡ್‌ಶೀಟು ಹಳದಿ ಚೀಲ ಸೇರಿದಾಗ ಅದಕ್ಕೂ ಗುರುತು ಸಿಗುತ್ತದೆ. ಬಳಕೆಯಲ್ಲಿದ್ದಷ್ಟು ದಿನ ರೋಗಿಯ ಮೈಗೆ ತಾಗಿಕೊಂಡಿದ್ದ ಅದೇ ಬೆಡ್‌ಶೀಟಿಗೆ ಮೊಹರೊಂದೇ ಗತಿ. ಇದು ತಿರುಗುಮುರುಗಾದ ಕ್ರಮ. ಸರ್ಕಾರಿ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳು ಹೆರಿಗೆ ವಾರ್ಡು ಮತ್ತು ಓ.ಟಿ. ಬಟ್ಟೆಗಳಿಂದಲಾದರೂ ಟ್ಯಾಗಿನ ಲೆಕ್ಕ ಆರಂಭಿಸಲಿ. ಅಲ್ಲಿಯವರೆಗೆ ಲಾಂಡ್ರಿಗೆ ಹೋದ ಮತ್ತು ಬಂದ ಬಟ್ಟೆಯ ಸಂಖ್ಯೆಯನ್ನು ದಿನವೂ ವಾರ್ಡಿನ ಬಾಗಿಲಲ್ಲಿ ಬರೆದು ಹಾಕಲಿ.